ಪೈರಿನ ಬೇರು ನೀರನ್ನೂ ಸಾರವನ್ನೂ ಒಳಗೊಳ್ಳುವ ಬಗೆ

ಬಾಡಿದ ಪೈರಿಗೆ ನೀರು ಹಾಯಿಸುವ ಮುನ್ನ ಸಾಗುವಳಿದಾರರು ತಿಳಿಯತಕ್ಕ ಸಂಗತಿಗಳು

ಗೋವಿನಜೋಳದ ಹೊಲದಲ್ಲಿ ಮಳೆಯ ನೀರು ಮಡುಗಟ್ಟಿ ಮೂರು ನಾಲ್ಕು ದಿವಸ ನಿಂತರೆ ಪೈರಿನ ಗರಿಗಳು ಜೋಲುಬೀಳುವುವು. ಬುಡದಲ್ಲಿ ನೀರು ತುಂಬಿರುವಾಗ ತುದಿಯು ಬಾಡುವುದು ನೋಡುವವರಿಗೆ ಸೋಜಿಗವಾಗಿ ತೋರುವುದು. ಮೆಣಸಿನ ಸಸಿಯ ಬುಡಕ್ಕೆ ಯೂರಿಯಾ ಗೊಬ್ಬರವನ್ನು ಮುಷ್ಟಿ ತುಂಬ ಹಾಕಿದರೆ ಒಂದೆರಡು ದಿವಸಗಳಲ್ಲಿಯೇ ಸಸಿಯು ಬೆಂಕಿ ತಗಲಿದಂತೆ ಸೊರಗುವುದೂ, ಸವಳು ಹಿಡಿದ ಜಮೀನಿನಲ್ಲಿ ಮಣ್ಣು ಹಸಿಯಾಗಿಯೇ ಇದ್ದರೂ ಬಿತ್ತಿದ ಬೀಜವು ಮೊಳೆಯದೆ ಉಳಿಯುವುದೂ ಇದೇ ಜಾತಿಯ ಸೋಜಿಗಗಳು. ಈ ಮೂರು ಕಡೆಗಳಲ್ಲಿಯೂ ಭೂಮಿಯಲ್ಲಿ ನೀರಿದೆ. ಪೈರಿಗೆ ಮಾತ್ರ ನೀರಿಲ್ಲ.

ಇಂಥ ಹೊತ್ತಿನಲ್ಲಿ ಸಾಮಾನ್ಯವಾಗಿ ನಡೆಯುವುದೇನೆಂದರೆ, ಬಾಡಿದ ಪೈರಿಗೆ ಇನ್ನೊಂದು ಸಲ ನೀರು ಹಾಯಿಸುವುದು. ಇಲ್ಲವೇ ಪೈರಿಗೆ ಶಕ್ತಿ ಸಾಲದೆಂದು ಇನ್ನೊಂದು ಚೀಲ ಗೊಬ್ಬರವನ್ನು ಎರಚುವುದು. ಈ ಎರಡು ಉಪಚಾರಗಳೂ ಹಲವು ವೇಳೆ ರೋಗಕ್ಕಿಂತ ಕೆಟ್ಟವು. ಇವುಗಳಿಂದ ಹಣವೂ ಹೋಗುವುದು, ಉಳಿಯಬಹುದಾಗಿದ್ದ ಫಸಲೂ ಹೋಗುವುದು. ನೀರು ಬೇರಿನ ಹೊರಗಿರುವುದು ಬೇರೆ, ಒಳಗೆ ಹೋಗುವುದು ಬೇರೆ. ಈ ಎರಡರ ನಡುವೆ ಕಣ್ಣಿಗೆ ಕಾಣದಷ್ಟು ತೆಳುವಾದ ಒಂದು ಪೊರೆಯಿದೆ. ಯಾವುದನ್ನು ಒಳಗೆ ಬಿಡಬೇಕು, ಯಾವುದನ್ನು ತಡೆಯಬೇಕು ಎಂಬುದೆಲ್ಲವೂ ಆ ಪೊರೆಯ ಅಧೀನದಲ್ಲಿರುವುದು. ಅದರ ನಡೆವಳಿಕೆಯನ್ನು ಅರಿತವನಿಗೆ ಬಾಡಿದ ಪೈರಿನ ಮುಂದೆ ನಿಂತಾಗ ಏನು ಮಾಡಬೇಕೆಂಬುದಕ್ಕಿಂತ ಮೊದಲು ಏನು ಮಾಡಕೂಡದೆಂಬುದು ತಿಳಿಯುವುದು.

ಬೇರಿನ ಕೂದಲೂ ಅದರ ಪೊರೆಯೂ

ಒಂದು ಜೋಳದ ಸಸಿಯನ್ನು ಮಣ್ಣು ಸಡಿಲಿಸಿ ಮೆಲ್ಲನೆ ಕಿತ್ತು ನೀರಿನಲ್ಲಿ ಅದ್ದಿ ನೋಡಿದರೆ, ಎಳೆಯ ಬೇರುಗಳ ತುದಿಯಿಂದ ತುಸು ಹಿಂದೆ ಬೆಳ್ಳನೆಯ ನವಿರಾದ ಕೂದಲುಗಳು ಕಾಣುವುವು. ಪೈರು ನೀರು ಕುಡಿಯುವುದು ಬಹುಮಟ್ಟಿಗೆ ಈ ಕೂದಲುಗಳಿರುವ ಎಳೆಯ ಭಾಗದಿಂದಲೇ. ಬಲಿತು ಕಂದುಬಣ್ಣಕ್ಕೆ ತಿರುಗಿದ ದಪ್ಪ ಬೇರುಗಳು ಗಿಡವನ್ನು ನಿಲ್ಲಿಸುವುದಕ್ಕೂ ನೀರನ್ನು ಸಾಗಿಸುವುದಕ್ಕೂ ಹೆಚ್ಚಾಗಿ ಉಪಯೋಗವಾಗುವುವು. ಮೆಣಸಿನ ಸಸಿಯನ್ನು ಮಡಿಯಿಂದ ಒರಟಾಗಿ ಕಿತ್ತು ನೆಟ್ಟಾಗ ಮೊದಲ ನಾಲ್ಕು ದಿವಸ ಅದು ತಲೆ ಬಾಗಿಸುವುದು ಈ ಕೂದಲುಗಳು ಹರಿದುಹೋದುದರಿಂದಲೇ. ಮಡಿಗೆ ನೀರು ಬಿಟ್ಟು ಮಣ್ಣಿನ ಸಮೇತ ಎತ್ತಿ ಸಂಜೆಯ ಹೊತ್ತು ನೆಡಬೇಕೆಂದು ಹಿರಿಯರು ಹೇಳುವುದಕ್ಕೆ ಇದೇ ಕಾರಣ.

ಈ ಒಂದೊಂದು ಕೂದಲೂ ಒಂದೊಂದು ಜೀವಕೋಶವು. ಗಿಡ, ದನ, ಮನುಷ್ಯ ಎಲ್ಲರ ದೇಹವೂ ಇಂಥ ಕೋಶಗಳಿಂದಲೇ ಕಟ್ಟಲ್ಪಟ್ಟಿದೆ. ಗಿಡದ ಕೋಶಕ್ಕೆ ಹೊರಗಡೆ ನಾರಿನ ಗೋಡೆಯೊಂದಿದೆ. ಅದು ಗೋಣಿಚೀಲದಂತೆ, ಆಕಾರವನ್ನು ಕೊಡುವುದೇ ಹೊರತು ನೀರನ್ನಾಗಲಿ ಉಪ್ಪನ್ನಾಗಲಿ ತಡೆಯಲಾರದು. ಗೋಡೆಯ ಒಳಮೈಗೆ ಅಂಟಿಕೊಂಡಂತೆ ಇರುವುದೇ ಕೋಶದ ಪೊರೆ. ಅದು ಎಷ್ಟು ತೆಳುವೆಂದರೆ, ಸುಮಾರು ಹನ್ನೆರಡು ಸಾವಿರ ಪೊರೆಗಳನ್ನು ಒಂದರ ಮೇಲೊಂದು ಪೇರಿಸಿದರೆ ಬರವಣಿಗೆಯ ಕಾಗದದ ಒಂದು ಹಾಳೆಯ ದಪ್ಪವಾದೀತು. ಕಾವಲು ನಿಂತಿರುವುದು ಈ ಪೊರೆಯೇ ಹೊರತು ಗೋಣಿಚೀಲವಲ್ಲ.

ಪೊರೆಯು ಯಾವ ವಸ್ತುವಿನಿಂದ ಆದುದೆಂಬುದನ್ನು ವಿದ್ವಾಂಸರು ಕಣ್ಣಿನಿಂದ ನೋಡುವುದಕ್ಕೆ ಮೊದಲೇ ಯುಕ್ತಿಯಿಂದ ಕಂಡುಕೊಂಡರು. ೧೮೯೦ರ ದಶಕದಲ್ಲಿ ಜೂರಿಕ್ ನಗರದಲ್ಲಿದ್ದ ಅರ್ನೆಸ್ಟ್ ಓವರ್ಟನ್ ಎಂಬಾತನು ನೂರಾರು ಪದಾರ್ಥಗಳನ್ನು ಜೀವಕೋಶಗಳ ಮೇಲೆ ಪರೀಕ್ಷಿಸಿ, ಎಣ್ಣೆಯಲ್ಲಿ ಕರಗುವ ಪದಾರ್ಥಗಳು ಕೋಶದೊಳಕ್ಕೆ ಸುಲಭವಾಗಿ ನುಗ್ಗುವುವು, ನೀರಿನಲ್ಲಿ ಮಾತ್ರ ಕರಗುವಂಥವು ಹೊರಗೇ ತಡೆಯಲ್ಪಡುವುವು ಎಂದು ತೋರಿಸಿದನು. ಆದುದರಿಂದ ಪೊರೆಯು ಎಣ್ಣೆಯ ಜಾತಿಯದಾಗಿರಬೇಕು ಎಂಬುದು ಅವನ ತರ್ಕ. ೧೯೨೫ರಲ್ಲಿ ಹಾಲೆಂಡಿನ ಗೋರ್ಟರ್ ಮತ್ತು ಗ್ರೆಂಡೆಲ್ ಎಂಬ ಇಬ್ಬರು ರಕ್ತದ ಕಣಗಳಿಂದ ಜಿಡ್ಡನ್ನು ತೆಗೆದು ಅಳೆದು, ಅದು ಎರಡು ಪದರಗಳಾಗಿ ಹಾಸಿಕೊಂಡಿರುವುದೆಂದು ಹೇಳಿದರು. ಈ ಮಾತು ಇಂದಿಗೂ ನಿಂತಿದೆ.

ಎಣ್ಣೆಗೂ ನೀರಿಗೂ ಇರುವ ಈ ಭೇದವು ಮಾಸೂರಿನ ಸೀಮೆಯ ಅಡಿಗೆಮನೆಗಳಿಗೆ ಹೊಸದಲ್ಲ. ನೆರೆಯ ಬ್ಯಾಡಗಿಯ ಮೆಣಸಿನಕಾಯಿಯನ್ನು ನೀರಿನಲ್ಲಿ ನೆನೆಸಿದರೆ ಅದರ ಕೆಂಪು ನೀರಿಗೆ ಅಷ್ಟಾಗಿ ಇಳಿಯದು. ಒಗ್ಗರಣೆಯ ಎಣ್ಣೆಯಲ್ಲಿ ಹಾಕಿದರೆ ಎಣ್ಣೆಯೆಲ್ಲ ಕೆಂಪಾಗುವುದು. ಅದರ ಬಣ್ಣವು ಎಣ್ಣೆಯಲ್ಲಿ ಕರಗುವ ಜಾತಿ. ಅಡಿಗೆಯ ಉಪ್ಪಾದರೋ ನೀರಿನಲ್ಲಿ ಕ್ಷಣದಲ್ಲಿ ಕರಗುವುದು, ಎಣ್ಣೆಯಲ್ಲಿ ಹರಳಾಗಿಯೇ ತಳದಲ್ಲಿ ಕುಳಿತಿರುವುದು. ಕೋಶದ ಪೊರೆಯ ಮುಂದೆಯೂ ಇದೇ ನ್ಯಾಯ. ಪ್ರಾಣವಾಯುವು ಅಡ್ಡಿಯಿಲ್ಲದೆ ದಾಟುವುದು. ಯೂರಿಯಾ ಕೊಳೆತಾಗ ಹುಟ್ಟುವ ಅಮೋನಿಯಾ ಅನಿಲವೂ ಹಾಗೆಯೇ ನುಗ್ಗುವುದು. ಉಪ್ಪುಗಳು, ಸಕ್ಕರೆ, ಗೊಬ್ಬರದಿಂದ ನೀರಿಗೆ ಬಿಟ್ಟುಕೊಂಡ ಪೊಟ್ಯಾಷ್ ಮತ್ತು ನೈಟ್ರೇಟ್ ಮುಂತಾದ ಸಾರಗಳು ತಾವಾಗಿ ದಾಟಲಾರವು. ಅವುಗಳಿಗೆ ಬಾಗಿಲು ಬೇಕು.

ನೀರು ಯಾವ ಕಡೆಗೆ ಹರಿಯುವುದು

ಮಾವಿನಕಾಯಿಯ ಹೋಳುಗಳಿಗೆ ಉಪ್ಪು ಬೆರೆಸಿ ಜಾಡಿಯಲ್ಲಿಟ್ಟರೆ ಮಾರನೆಯ ದಿವಸ ಹೋಳುಗಳು ಮುರುಟಿ, ಜಾಡಿಯಲ್ಲಿ ನೀರು ಬಿಟ್ಟಿರುವುದು. ಆ ನೀರನ್ನು ಯಾರೂ ಹಾಕಿದುದಲ್ಲ. ಹೋಳಿನ ಕೋಶಗಳೊಳಗಿಂದ ಬಂದುದು. ಒಣಗಿದ ಕಡಲೆಯನ್ನು ರಾತ್ರಿ ನೆನೆಹಾಕಿದರೆ ಬೆಳಗಾಗುವಷ್ಟರಲ್ಲಿ ಅದು ನೀರನ್ನು ಹೀರಿ ಉಬ್ಬಿರುವುದು. ಒಂದರಲ್ಲಿ ನೀರು ಹೊರಕ್ಕೆ, ಇನ್ನೊಂದರಲ್ಲಿ ಒಳಕ್ಕೆ. ಕಡಲೆಯು ಮೊದಲು ಒಣಗಿದ ಬಟ್ಟೆಯಂತೆ ಹೀರಿಕೊಳ್ಳುವುದುಂಟಾದರೂ ಎರಡರ ಹಿಂದಿರುವ ನಿಯಮವು ಒಂದೇ. ಪೊರೆಯ ಎರಡು ಬದಿಗಳಲ್ಲಿ ಯಾವ ಕಡೆ ಉಪ್ಪು ಸಕ್ಕರೆಗಳ ಪಾಕವು ಗಟ್ಟಿಯಾಗಿದೆಯೋ ಆ ಕಡೆಗೆ ನೀರು ಸೆಳೆಯಲ್ಪಡುವುದು. ಇದಕ್ಕೆ ಶಾಸ್ತ್ರಜ್ಞರು ಅಭಿಸರಣೆ ಎಂದು ಹೆಸರಿಟ್ಟಿದ್ದಾರೆ.

ಇದನ್ನು ಮೊದಲು ಬರೆದಿಟ್ಟವನು ಫ್ರಾನ್ಸಿನ ನೊಲೆ ಎಂಬ ಪಾದ್ರಿ. ೧೭೪೮ರಲ್ಲಿ ಅವನು ಮದ್ಯಸಾರ ತುಂಬಿದ ಸೀಸೆಯ ಬಾಯಿಗೆ ಹಂದಿಯ ಮೂತ್ರಚೀಲವನ್ನು ಬಿಗಿದು ನೀರಿನಲ್ಲಿಟ್ಟನು. ನೀರು ಒಳನುಗ್ಗಿ ಚೀಲವು ಉಬ್ಬಿತು. ೧೮೭೭ರಲ್ಲಿ ಜರ್ಮನಿಯ ಪ್ಫೆಫರ್ ಎಂಬ ಸಸ್ಯಶಾಸ್ತ್ರಜ್ಞನು ಮಣ್ಣಿನ ಕುಡಿಕೆಯ ಗೋಡೆಯಲ್ಲಿ ತಾಮ್ರದ ಒಂದು ಸಂಯುಕ್ತದ ಪೊರೆಯನ್ನು ಕೂರಿಸಿ, ಒಳಗೆ ಸಕ್ಕರೆಯ ನೀರು ತುಂಬಿ, ಈ ಸೆಳೆತದ ಬಲವನ್ನು ಅಳೆದನು. ಅದರ ಅಳತೆಗೆ ವಾಯುಭಾರವೆಂಬ ಮಾನವನ್ನು ಇಟ್ಟುಕೊಳ್ಳಬಹುದು. ಒಂದು ವಾಯುಭಾರವೆಂದರೆ ಸುಮಾರು ೩೩ ಅಡಿ ಎತ್ತರದ ನೀರಿನ ಕಂಬವು ಬುಡದಲ್ಲಿ ಒತ್ತುವಷ್ಟು ಬಲ. ಬಾವಿ ತೋಡಿಸಿದವರಿಗೆ ಈ ಲೆಕ್ಕವು ಕಷ್ಟವಾಗದು.

ಸಂಶಯವುಳ್ಳವರು ಮನೆಯಲ್ಲಿಯೇ ಪರೀಕ್ಷಿಸಬಹುದು. ಒಂದು ಹಸಿಯ ಆಲೂಗಡ್ಡೆಯನ್ನೂ ಒಂದು ಬೇಯಿಸಿದ ಆಲೂಗಡ್ಡೆಯನ್ನೂ ತೆಗೆದುಕೊಂಡು, ಬುಡವನ್ನು ಚಪ್ಪಟೆಯಾಗಿ ಕೊಯ್ದು, ಬುಡದ ಕಡೆಯ ಸಿಪ್ಪೆಯನ್ನು ಹೆರೆದು, ಮೇಲ್ಗಡೆ ಬಟ್ಟಲಿನಂತೆ ಕೊರೆದು, ಎರಡಕ್ಕೂ ಒಂದೊಂದು ಚಮಚ ಸಕ್ಕರೆ ಹಾಕಿ, ಬೆರಳೆತ್ತರದ ನೀರಿರುವ ತಟ್ಟೆಯಲ್ಲಿ ನಿಲ್ಲಿಸಬೇಕು. ಕೆಲವು ಗಂಟೆಗಳಲ್ಲಿ ಹಸಿಯ ಗಡ್ಡೆಯ ಬಟ್ಟಲಿನಲ್ಲಿ ನೀರು ಏರಿ ನಿಲ್ಲುವುದು. ಬೆಂದ ಗಡ್ಡೆಯಲ್ಲಿ ಹಾಗೆ ಏರದು. ಬೆಂದಾಗ ಪೊರೆಗಳು ಹರಿದುಹೋದುವು. ಪೊರೆಯಿಲ್ಲದ ಕಡೆ ಸೆಳೆತವೂ ಇಲ್ಲ. ಕೆಂಪು ಹರಿವೆ ಸೊಪ್ಪನ್ನು ತಣ್ಣೀರಿನಲ್ಲಿ ತೊಳೆದಾಗ ನೀರು ತಿಳಿಯಾಗಿಯೇ ಇದ್ದು, ಕುದಿಸಿದಾಗ ಕೆಂಪಾಗುವುದಕ್ಕೂ ಇದೇ ಕಾರಣ. ಪೊರೆಯು ತನ್ನ ಕೆಲಸವನ್ನು ಮಾಡಬೇಕಾದರೆ ಕೋಶವು ಬದುಕಿರಬೇಕು. ಈ ಮಾತನ್ನು ಮರೆಯಬಾರದು. ಮುಂದೆ ಇದರಿಂದಲೇ ಕೆಲಸವಿದೆ.

ತೂಬು ಮತ್ತು ಏತ

ಎಣ್ಣೆಯ ಪೊರೆಯಾದರೆ ನೀರು ಇಷ್ಟು ವೇಗವಾಗಿ ಹೇಗೆ ದಾಟುವುದೆಂಬ ಪ್ರಶ್ನೆಯು ಬಹುಕಾಲ ಬಗೆಹರಿಯದೆ ಇತ್ತು. ಉತ್ತರವನ್ನು ತಿಳಿಯುವುದಕ್ಕೆ ಮಾಸೂರಿನವರು ಮದಗದ ಕೆರೆಯನ್ನು ನೆನೆದರೆ ಸಾಕು. ಹೊಸನಗರದ ಸೀಮೆಯಲ್ಲಿ ಹುಟ್ಟಿ ಶಿಕಾರಿಪುರದ ಕಡೆಯಿಂದ ಹರಿದುಬರುವ ಕುಮುದ್ವತಿ ನದಿಗೆ ಗುಡ್ಡಗಳ ನಡುವೆ ವಿಜಯನಗರದ ಅರಸರ ಕಾಲದಲ್ಲಿ ಕಟ್ಟಿದ ಏರಿಯು ನೀರನ್ನು ತಡೆದು ನಿಲ್ಲಿಸುವುದು. ಏರಿಯ ಮೂಲಕ ನೀರು ಜಿನುಗಬಹುದಾದರೂ ಆ ಜಿನುಗಿನಿಂದ ಗದ್ದೆ ಬೆಳೆಯದು. ಗದ್ದೆಗೆ ನೀರು ಹೋಗುವುದು ತೂಬಿನಿಂದ. ತೂಬನ್ನು ಎತ್ತುವುದೂ ಮುಚ್ಚುವುದೂ ನೀರಗಂಟಿಯ ಕೆಲಸ.

ಕೋಶದ ಪೊರೆಯಲ್ಲಿಯೂ ಹಾಗೆಯೇ ತೂಬುಗಳಿವೆ. ಅವು ಪ್ರೋಟೀನಿನಿಂದ ಆದುವು. ನೀರಿಗಾಗಿಯೇ ಇರುವ ತೂಬನ್ನು ೧೯೯೨ರಲ್ಲಿ ಅಮೆರಿಕದ ಪೀಟರ್ ಆಗ್ರೆ ಎಂಬ ವೈದ್ಯಶಾಸ್ತ್ರಜ್ಞನು ರಕ್ತದ ಕಣಗಳಲ್ಲಿ ಗುರುತಿಸಿ ತೋರಿಸಿದನು. ಇದಕ್ಕಾಗಿ ಅವನಿಗೆ ೨೦೦೩ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು. ಇಂಥ ಒಂದು ತೂಬಿನಲ್ಲಿ ಒಂದು ಸೆಕೆಂಡಿಗೆ ಸುಮಾರು ಮುನ್ನೂರು ಕೋಟಿ ನೀರಿನ ಅಣುಗಳು ಸಾಲಾಗಿ ದಾಟಬಲ್ಲವು. ಆದರೆ ಉಪ್ಪಿನ ಕಣವನ್ನು ಅದು ಬಿಡದು. ಬೇರಿನ ಪೊರೆಗಳಲ್ಲಿಯೂ ಇದೇ ಬಗೆಯ ತೂಬುಗಳು ಹೇರಳವಾಗಿವೆ.

ತೂಬಿನಲ್ಲಿ ಯಾವುದಾದರೂ ಇಳಿಜಾರಿನ ಕಡೆಗೇ ಹರಿಯಬೇಕು. ಸಾರಗಳ ವಿಷಯದಲ್ಲಿ ಇಳಿಜಾರು ಬಹುಪಾಲು ಹಿಮ್ಮುಖವಾಗಿರುವುದು. ಬೇರಿನ ಕೋಶದೊಳಗೆ ಪೊಟ್ಯಾಷು ಮಣ್ಣಿನ ನೀರಿನಲ್ಲಿರುವುದಕ್ಕಿಂತ ನೂರು ಪಟ್ಟು, ಕೆಲವು ಕಡೆ ಅದಕ್ಕೂ ಹೆಚ್ಚಾಗಿ ಶೇಖರವಾಗಿರುವುದು. ತಗ್ಗಿನಿಂದ ದಿಬ್ಬಕ್ಕೆ ನೀರನ್ನು ಎತ್ತಬೇಕಾದರೆ ಹಿಂದಿನ ಕಾಲದಲ್ಲಿ ಏತವೋ ಕಪಿಲೆಯೋ ಬೇಕಾಗಿತ್ತು. ಏತಕ್ಕೆ ಆಳೂ ಕಪಿಲೆಗೆ ಎತ್ತೂ ದುಡಿಯಬೇಕಾಗಿತ್ತು. ಪೊರೆಯಲ್ಲಿಯೂ ಇಂಥ ಏತಗಳಿವೆಯೆಂಬುದು ೧೯೫೭ರಲ್ಲಿ ಡೆನ್ಮಾರ್ಕಿನ ಸ್ಕೌ ಎಂಬಾತನು ಏಡಿಯ ನರಗಳಲ್ಲಿ ನಡೆಸಿದ ಶೋಧನೆಯಿಂದ ಸ್ಪಷ್ಟವಾಯಿತು. ಗಿಡದ ಬೇರಿನಲ್ಲಿರುವ ಏತವು ಹುಳಿಯ ಅಂಶವನ್ನು ಹೊರಕ್ಕೆ ಎತ್ತಿಹಾಕುವುದು. ಅದರಿಂದ ಉಂಟಾದ ಸೆಳೆತವನ್ನು ಹಿಡಿದು ನೈಟ್ರೇಟು, ರಂಜಕ, ಪೊಟ್ಯಾಷು ಮೊದಲಾದುವು ತಮ್ಮ ತಮ್ಮ ಬಾಗಿಲುಗಳಿಂದ ಒಳಬರುವುವು.

ಈ ಏತಕ್ಕೆ ಕೂಲಿಯುಂಟು. ಎಲೆಯಿಂದ ಇಳಿದುಬಂದ ಸಕ್ಕರೆಯೇ ಆ ಕೂಲಿ. ಅದನ್ನು ಉರಿಸುವುದಕ್ಕೆ ಪ್ರಾಣವಾಯು ಬೇಕು. ಎಂದರೆ ಬೇರು ಉಸಿರಾಡಬೇಕು. ಎಲೆಯು ಗಾಳಿಯಲ್ಲಿ ಉಸಿರಾಡುವುದು ಎಲ್ಲರಿಗೂ ಗೊತ್ತಿದೆ. ಬೇರಿಗೂ ಗಾಳಿ ಬೇಕೆಂಬುದನ್ನು ಎಣಿಸುವವರು ಕಡಿಮೆ. ಎಡೆಕುಂಟೆ ಹೊಡೆಯುವುದು ಕಳೆಯನ್ನು ತೆಗೆಯುವುದಕ್ಕೆ ಮಾತ್ರವೆಂದು ತಿಳಿದು, ಕಳೆನಾಶಕವನ್ನು ಸಿಂಪಡಿಸಿದ ಮೇಲೆ ಕುಂಟೆಯೇ ಬೇಡವೆನ್ನುವವರು ಎರೆಭೂಮಿಯ ಹೆಪ್ಪುಗಟ್ಟಿದ ಮೇಲ್ಮಣ್ಣನ್ನು ಒಮ್ಮೆ ಒಡೆದು ನೋಡಬೇಕು.

ನೀರಿನಲ್ಲಿ ನಿಂತು ಬಾಡುವ ಪೈರು

ಮೊದಲು ಹೇಳಿದ ಸೋಜಿಗಕ್ಕೆ ಈಗ ಕಾರಣವನ್ನು ಹೇಳಬಹುದು. ಪ್ರಾಣವಾಯುವು ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ಹರಡುವುದು. ಮಣ್ಣಿನ ಸಂದುಗಳಲ್ಲೆಲ್ಲ ನೀರು ತುಂಬಿದರೆ ಇದ್ದ ಗಾಳಿಯನ್ನು ಬೇರುಗಳೂ ಮಣ್ಣಿನ ಸೂಕ್ಷ್ಮಜೀವಿಗಳೂ ಬೇಗನೆ ಮುಗಿಸುವುವು. ಹೊಸ ಗಾಳಿ ಬರದು. ಏತಗಳು ನಿಲ್ಲುವುವು. ಅದರೊಡನೆ ಕೋಶದ ಒಳರಸವು ಹುಳಿಯಾಗುವುದು. ಹುಳಿಯಾದೊಡನೆ ನೀರಿನ ತೂಬುಗಳು ಮುಚ್ಚಿಕೊಳ್ಳುವುವು. ಈ ಕೊನೆಯ ಸಂಗತಿಯನ್ನು ೨೦೦೩ರಲ್ಲಿ ಫ್ರಾನ್ಸಿನ ಮೊಂಪೆಲ್ಯೆ ನಗರದ ಸಂಶೋಧಕರು ತೋರಿಸಿಕೊಟ್ಟರು. ಹೀಗೆ ಕೆರೆ ತುಂಬಿರುವಾಗಲೇ ತೂಬು ಮುಚ್ಚಿ, ಗದ್ದೆ ಒಣಗಿದಂತಾಗುವುದು. ಭತ್ತದ ಗಿಡವು ಇದಕ್ಕೆ ಹೊರತು. ಅದರ ದಂಟಿನಿಂದ ಬೇರಿನವರೆಗೆ ಗಾಳಿ ಇಳಿಯುವ ಟೊಳ್ಳು ದಾರಿಗಳಿವೆ. ಗೋವಿನಜೋಳಕ್ಕೂ ಹತ್ತಿಗೂ ಮೆಣಸಿನಕಾಯಿಗೂ ಅಂಥ ಅನುಕೂಲವು ಸಾಲದು.

ಇಂಥ ಪೈರಿಗೆ ಯೂರಿಯಾ ಎರಚುವುದು ವ್ಯರ್ಥ. ಎತ್ತುವ ಏತವೇ ನಿಂತಿರುವಾಗ ಕೆಳಗೆ ಎಷ್ಟು ಸುರಿದರೇನು? ಮೇಲಾಗಿ, ಗಾಳಿಯಿಲ್ಲದ ಮಣ್ಣಿನಲ್ಲಿ ನೈಟ್ರೇಟನ್ನು ಸೂಕ್ಷ್ಮಜೀವಿಗಳು ಅನಿಲವಾಗಿ ಮಾಡಿ ಆಕಾಶಕ್ಕೆ ಬಿಡುವುವು. ಕೊಂಡ ಗೊಬ್ಬರದ ಹಣವು ಅದರೊಡನೆ ಹೋಗುವುದು. ಮೊದಲು ನೀರನ್ನು ಬಸಿದುಬಿಡಬೇಕು. ಮಣ್ಣು ಹದಕ್ಕೆ ಬಂದೊಡನೆ ಎಡೆ ಹೊಡೆದು ಗಾಳಿಯಾಡಿಸಬೇಕು. ಒಂದು ಗಿಡವನ್ನು ಅಗೆದು, ಬೇರಿನ ತುದಿಗಳು ಬೆಳ್ಳಗೆ ಹೊಸದಾಗಿ ಬರುತ್ತಿವೆಯೆಂದು ಕಂಡಮೇಲೆಯೇ ಮೇಲುಗೊಬ್ಬರವನ್ನು ಕೊಡತಕ್ಕದ್ದು. ಪೈರು ತೀರ ಹಳದಿಯಾಗಿದ್ದು ಅಷ್ಟು ದಿವಸ ಕಾಯಲಾಗದಿದ್ದರೆ, ಒಂದು ಲೀಟರು ನೀರಿಗೆ ೨೦ ಗ್ರಾಂ ಯೂರಿಯಾ ಕರಗಿಸಿ ಸಂಜೆಯ ಹೊತ್ತು ಎಲೆಗಳ ಮೇಲೆ ಸಿಂಪಡಿಸಬಹುದು. ಎಲೆಯ ಕೋಶಗಳು ಯೂರಿಯಾವನ್ನು ಸ್ವಲ್ಪ ಸ್ವಲ್ಪವಾಗಿ ಒಳಗೊಳ್ಳುವುವು. ಈ ಅಳತೆಯನ್ನು ಹೆಚ್ಚಿಸಕೂಡದು. ಹೆಚ್ಚಿಸಿದರೆ ಎಲೆಯೇ ಸುಡುವುದು.

ಬಸಿಗಾಲುವೆಯ ವಿಷಯದಲ್ಲಿ ಊರಿನ ಮುಖಂಡರಿಗೆ ಒಂದು ಮಾತು. ಒಬ್ಬನು ತನ್ನ ಹೊಲದ ನೀರನ್ನು ಒಡ್ಡು ಕಡಿದು ಕೆಳಗಿನವನ ಹೊಲಕ್ಕೆ ಬಿಟ್ಟರೆ ಅದು ಬಸಿಯುವುದಲ್ಲ, ಜಗಳವನ್ನು ಬಿತ್ತುವುದು. ಹಳ್ಳದವರೆಗೆ ಇದ್ದ ಹಳೆಯ ಹರಿವಿನ ದಾರಿಗಳು ಅನೇಕ ಊರುಗಳಲ್ಲಿ ಉಳುಮೆಯಲ್ಲಿ ಸೇರಿಹೋಗಿವೆ. ಅವನ್ನು ಮಳೆಗಾಲಕ್ಕೆ ಮುಂಚೆ, ಬೇಸಗೆಯಲ್ಲಿ, ಎಲ್ಲರ ಒಪ್ಪಿಗೆಯಿಂದ ತೆಗೆಯಿಸುವುದು ಒಬ್ಬ ರೈತನಿಂದ ಆಗತಕ್ಕ ಕೆಲಸವಲ್ಲ. ಗ್ರಾಮ ಪಂಚಾಯಿತಿಯೂ ಹಿರಿಯರೂ ಮುಂದೆ ನಿಂತರೆ ಆಗುವುದು.

ಗೊಬ್ಬರದಿಂದ ಸುಡುವುದು

ಗೊಬ್ಬರವು ಬಿಸಿಯಾದುದರಿಂದ ಗಿಡ ಸುಡುವುದೆಂದು ಹೇಳುವುದುಂಟು. ಬಿಸಿಯ ಮಾತು ಇಲ್ಲಿಲ್ಲ. ಉಪ್ಪಿನಕಾಯಿಯ ಜಾಡಿಯಲ್ಲಿ ನಡೆದುದೇ ಬೇರಿನ ಬುಡದಲ್ಲಿಯೂ ನಡೆಯುವುದು. ಲೆಕ್ಕ ಹಾಕಿ ನೋಡಬಹುದು. ಮಣ್ಣಿನಲ್ಲಿರುವ ಒಂದು ಲೀಟರು ನೀರಿನಲ್ಲಿ ೫೦ ಗ್ರಾಂ ಯೂರಿಯಾ ಕರಗಿದರೆ ಆ ಪಾಕದ ಸೆಳೆತವು ಸುಮಾರು ೨೦ ವಾಯುಭಾರಗಳಾಗುವುದು. ಬಹುಪಾಲು ಪೈರುಗಳು ೧೫ ವಾಯುಭಾರಗಳಿಗಿಂತ ಹೆಚ್ಚಿನ ಸೆಳೆತಕ್ಕೆ ಎದುರಾಗಿ ಮಣ್ಣಿನಿಂದ ನೀರನ್ನು ಎಳೆಯಲಾರವು. ಎಳೆಯ ಸಸಿಯೊಂದನ್ನು ೬೬೦ ಅಡಿ ಆಳದ ಕೊಳವೆ ಬಾವಿಯಿಂದ ನೀರೆತ್ತಲು ಹಚ್ಚಿದಂತಾಯಿತು. ಅದು ಎತ್ತಲಾರದು, ತನ್ನಲ್ಲಿದ್ದುದನ್ನೂ ಕಳೆದುಕೊಳ್ಳುವುದು.

ಬಿತ್ತುವಾಗ ಕೂರಿಗೆಯ ಒಂದೇ ಸೆಡ್ಡೆಯಲ್ಲಿ ಬೀಜವನ್ನೂ ಯೂರಿಯಾವನ್ನೂ ಬೆರೆಸಿ ಬಿಡುವ ರೂಢಿಯು ಇದರಿಂದಲೇ ಅಪಾಯಕರವಾದುದು. ಯೂರಿಯಾ ಕೊಳೆಯುವಾಗ ಅಮೋನಿಯಾ ಅನಿಲವೂ ಹುಟ್ಟುವುದು. ಪೊರೆಯು ಅದನ್ನು ತಡೆಯಲಾರದೆಂದು ಮೇಲೆ ಹೇಳಿದೆ. ಮೊಳಕೆಗೆ ಅದು ವಿಷ. ಗೊಬ್ಬರವು ಬೀಜದ ಸಾಲಿನಿಂದ ಎರಡು ಅಂಗುಲ ಪಕ್ಕಕ್ಕೂ ಎರಡು ಅಂಗುಲ ಕೆಳಕ್ಕೂ ಬೀಳುವಂತೆ ಬೇರೆ ಕೊಳವೆಯಿಂದ ಬಿಡತಕ್ಕದ್ದು. ನಿಂತ ಪೈರಿಗೆ ಕೊಡುವಾಗ ಬುಡಕ್ಕೆ ಗುಪ್ಪೆ ಹಾಕದೆ, ಸಾಲಿನ ಪಕ್ಕದಲ್ಲಿ ತೆಳುವಾಗಿ ಬಿಟ್ಟು ಮಣ್ಣು ಮುಚ್ಚಬೇಕು. ಒಂದೇ ಸಲ ಕೊಡದೆ ಎರಡು ಮೂರು ಕಂತುಗಳಾಗಿ, ಮಣ್ಣಿನಲ್ಲಿ ಹಸಿಯಿರುವಾಗ ಕೊಡಬೇಕು. ಕೈತಪ್ಪಿ ಹೆಚ್ಚು ಬಿದ್ದ ಕಡೆ ಮಾತ್ರ ಧಾರಾಳವಾಗಿ ನೀರು ಹಾಯಿಸಿ ಪಾಕವನ್ನು ತಿಳಿಮಾಡುವುದು ಸರಿಯಾದ ಉಪಚಾರ. ಬಾಡಿದ ಪೈರಿಗೆ ನೀರೇ ಔಷಧವೆಂಬ ಮಾತು ನಿಜವಾಗುವುದು ಇಲ್ಲಿ, ಮತ್ತು ನಿಜವಾದ ಬರದಲ್ಲಿ.

ಸವಳು

ಸವಳು ಭೂಮಿಯಲ್ಲಿ ಇದೇ ಕೇಡು ನಿಧಾನವಾಗಿ, ಹೊಲದ ತುಂಬ, ವರ್ಷ ವರ್ಷವೂ ನಡೆಯುವುದು. ಕುಮುದ್ವತಿಯು ಮಾಸೂರು, ರಟ್ಟೀಹಳ್ಳಿಗಳನ್ನು ದಾಟಿ ತುಂಗಭದ್ರೆಯನ್ನು ಸೇರುವುದು. ಆ ನದಿಗೆ ಹೊಸಪೇಟೆಯ ಬಳಿ ಕಟ್ಟಿದ ಅಣೆಕಟ್ಟಿನ ನೀರು ೧೯೫೩ರಿಂದ ಕಾಲುವೆಗಳಲ್ಲಿ ಹರಿಯತೊಡಗಿದ ಮೇಲೆ ಗಂಗಾವತಿ, ಸಿಂಧನೂರು ಸೀಮೆಗಳ ಎರೆಭೂಮಿಯಲ್ಲಿ ಏನಾಯಿತೆಂಬುದನ್ನು ಮೇಲುಗಡೆಯವರೂ ತಿಳಿದಿರಬೇಕು. ನೀರು ಮಿತಿಯಿಲ್ಲದೆ ಹಾಯಿತು, ಬಸಿಯುವ ದಾರಿಯಿರಲಿಲ್ಲ. ಅಂತರ್ಜಲವು ಮೇಲಕ್ಕೆ ಬಂದು, ಬಿಸಿಲಿಗೆ ಆವಿಯಾಗಿ, ತಂದ ಉಪ್ಪನ್ನು ಮೇಲ್ಮಣ್ಣಿನಲ್ಲಿ ಬಿಟ್ಟುಹೋಯಿತು. ಸಾವಿರಾರು ಎಕರೆ ಒಳ್ಳೆಯ ಭೂಮಿಯು ಜವುಳು ಸವಳುಗಳಿಗೆ ತುತ್ತಾಯಿತು; ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಈ ಭೂಮಿಗಳ ಸುಧಾರಣೆಯನ್ನೇ ಕುರಿತು ಪ್ರಯೋಗಗಳು ನಡೆದುಬಂದಿವೆ. ಕೆರೆಯ ಕೆಳಗೂ ಕೊಳವೆ ಬಾವಿಯ ಕೆಳಗೂ ಇದೇ ದಾರಿಯಲ್ಲಿ ನಡೆದರೆ ಇದೇ ಫಲವು ಬರುವುದು.

ಎಲ್ಲ ಪೈರುಗಳಿಗೂ ಸವಳನ್ನು ತಾಳುವ ಶಕ್ತಿ ಒಂದೇ ಸಮನಾಗಿಲ್ಲ. ಮಣ್ಣಿನ ನೀರಿನಲ್ಲಿ ವಿದ್ಯುತ್ತು ಎಷ್ಟು ಹರಿಯುವುದೆಂಬುದನ್ನು ಅಳೆದು ಉಪ್ಪಿನ ಪ್ರಮಾಣವನ್ನು ಹೇಳುವುದು ವಾಡಿಕೆ. ಈ ಅಳತೆಯು ನಾಲ್ಕನ್ನು ಮೀರಿದರೆ ಅಂಥ ಮಣ್ಣನ್ನು ಸವಳು ಎನ್ನುವರು. ೧೯೭೭ರಲ್ಲಿ ಅಮೆರಿಕದ ಮಾಸ್ ಮತ್ತು ಹಾಫ್‌ಮನ್ ಎಂಬವರು ಪ್ರಕಟಿಸಿದ ಪಟ್ಟಿಯ ಪ್ರಕಾರ, ಮೆಣಸಿನಕಾಯಿಯ ಇಳುವರಿಯು ೧.೫ ದಾಟಿದೊಡನೆ ಇಳಿಯತೊಡಗುವುದು. ಗೋವಿನಜೋಳ ಮತ್ತು ಕಬ್ಬು ೧.೭ರಲ್ಲಿ, ಭತ್ತವು ೩ರಲ್ಲಿ, ಶೇಂಗಾ ೩.೨ರಲ್ಲಿ. ಜೋಳವು ೬.೮ರವರೆಗೂ ಹತ್ತಿಯು ೭.೭ರವರೆಗೂ ತಡೆಯಬಲ್ಲವು. ಹತ್ತಿ ಬೆಳೆಯುತ್ತಿದ್ದ ಹೊಲದಲ್ಲಿ ಗೋವಿನಜೋಳವನ್ನು ಬಿತ್ತಿದಾಗ ಅಲ್ಲಲ್ಲಿ ತೇಪೆ ತೇಪೆಯಾಗಿ ಸಸಿ ಸೊರಗಿದರೆ, ಬೀಜ ಮಾರಿದವನನ್ನು ದೂರುವ ಮೊದಲು ಮಣ್ಣನ್ನು ಪರೀಕ್ಷಿಸಿ ನೋಡುವುದು ಒಳ್ಳೆಯದು.

ಸವಳಿನಲ್ಲಿ ಇನ್ನೊಂದು ಕೇಡು ಉಂಟು. ಸೋಡಿಯಂ ಎಂಬ ಧಾತುವು ಪೊಟ್ಯಾಷನ್ನು ಹೋಲುವುದರಿಂದ ಪೊಟ್ಯಾಷಿನ ಬಾಗಿಲುಗಳಲ್ಲಿ ಕಳ್ಳತನದಿಂದ ಒಳನುಗ್ಗುವುದು. ಪೊರೆಯು ಇವೆರಡರ ಭೇದವನ್ನು ಸರಿಯಾಗಿ ಗುರುತಿಸಬೇಕಾದರೆ ಹೊರಗಿನ ನೀರಿನಲ್ಲಿ ಸುಣ್ಣದ ಅಂಶವಾದ ಕ್ಯಾಲ್ಸಿಯಂ ಇರಬೇಕೆಂಬುದನ್ನು ೧೯೬೧ರಲ್ಲಿ ಕ್ಯಾಲಿಫೋರ್ನಿಯಾದ ಎಪ್‌ಸ್ಟೈನ್ ಎಂಬ ಸಸ್ಯಶಾಸ್ತ್ರಜ್ಞನು ತೋರಿಸಿದನು. ಸೋಡಿಯಂ ಹೆಚ್ಚಿರುವ ಕರ್ಲು ಭೂಮಿಗೆ ಜಿಪ್ಸಂ ಹಾಕಬೇಕೆನ್ನುವುದರಲ್ಲಿ ಎರಡು ಲಾಭಗಳಿವೆ: ಜಿಪ್ಸಮ್ಮಿನ ಕ್ಯಾಲ್ಸಿಯಂ ಮಣ್ಣಿನ ಕಣಗಳಿಂದ ಸೋಡಿಯಮ್ಮನ್ನು ಕಳಚಿ ನೀರು ಇಳಿಯುವಂತೆ ಮಾಡುವುದು, ಬೇರಿನ ಪೊರೆಯ ಕಾವಲನ್ನೂ ಬಿಗಿಮಾಡುವುದು. ಆದರೆ ಬರೀ ಉಪ್ಪಿನ ಸವಳಿಗೆ ಜಿಪ್ಸಂ ಬೇಕಿಲ್ಲ. ಅಲ್ಲಿ ಒಳ್ಳೆಯ ನೀರು ನಿಲ್ಲಿಸಿ ಉಪ್ಪನ್ನು ಕೆಳಕ್ಕೆ ತೊಳೆಯುವುದೂ ಬಸಿಗಾಲುವೆಯಿಂದ ಹೊರಕ್ಕೆ ಸಾಗಿಸುವುದೂ ಮುಖ್ಯ. ಬಸಿಗಾಲುವೆಯಿಲ್ಲದೆ ತೊಳೆದರೆ ಉಪ್ಪು ಹೋದಂತೆ ಕಂಡು ಬೇಸಗೆಯಲ್ಲಿ ಮರಳಿ ಬರುವುದು. ಯಾವುದು ಯಾವ ಜಾತಿಯ ಭೂಮಿಯೆಂದು ಕಣ್ಣಿನಿಂದ ನಿರ್ಣಯಿಸಲಾಗದು.

ಹೊಲದಲ್ಲಿ ನಿಂತು ನೋಡುವಾಗ

ಮಧ್ಯಾಹ್ನ ಬಾಡಿ ಸಂಜೆಗೆ ಚೇತರಿಸಿಕೊಳ್ಳುವ ಪೈರು, ಹಿಡಿಯಲ್ಲಿ ಹಿಸುಕಿದರೆ ಉಂಡೆ ಕಟ್ಟದ ಮಣ್ಣು, ಬೆಳ್ಳಗಿರುವ ಬೇರು: ಇದು ನೀರಿನ ಕೊರತೆ. ಕೆಳಗಿನ ಎಲೆಗಳು ಹಳದಿಯಾಗಿ, ಬೇರು ಕಂದಿ ಕೊಳೆತ ವಾಸನೆ ಬರುತ್ತಿದ್ದರೆ ಗಾಳಿಯ ಕೊರತೆ. ಎಲೆಗಳ ಅಂಚೂ ತುದಿಯೂ ಸುಟ್ಟು, ಬೋದುಗಳ ನೆತ್ತಿಯಲ್ಲಿ ಬಿಳಿಯ ಪುಡಿ ಕಂಡರೆ ಉಪ್ಪು. ಹತ್ತಿಯ ಗಿಡವನ್ನು ಸೀಳಿದಾಗ ಕಾಂಡದೊಳಗೆ ಕಂದು ಗೆರೆಗಳು ತೋರಿದರೆ ಅದು ಸೊರಗು ರೋಗವು. ಈ ಪತ್ರಿಕೆಯ ವಿಷಯವಲ್ಲ.

ಮಣ್ಣಿನ ಮಾದರಿಯನ್ನು ತೆಗೆಯುವವರು ಕೆಟ್ಟ ತೇಪೆಯಿಂದ ಒಂದು, ಪಕ್ಕದ ಒಳ್ಳೆಯ ಭಾಗದಿಂದ ಒಂದು, ಹೀಗೆ ಬೇರೆ ಬೇರೆಯಾಗಿ ತೆಗೆದು ಚೀಟಿ ಬರೆದಿಡಬೇಕು. ಎರಡನ್ನೂ ಬೆರೆಸಿದರೆ ಪರೀಕ್ಷೆಯು ನಿಷ್ಫಲ. ಗೊಬ್ಬರ ಹಾಕಿದ ಹೊಸದರಲ್ಲಿಯೂ, ತಿಪ್ಪೆಯ ಬಳಿಯೂ, ಮರದ ನೆರಳಿನಲ್ಲಿಯೂ ತೆಗೆಯಕೂಡದು. ಕೊಳವೆ ಬಾವಿಯ ನೀರನ್ನು ಸ್ವಲ್ಪ ಹೊತ್ತು ಹರಿಯಬಿಟ್ಟು, ಅದೇ ನೀರಿನಿಂದ ಎರಡು ಮೂರು ಸಲ ತೊಳೆದ ಸೀಸೆಯಲ್ಲಿ ತುಂಬಿ ಮಣ್ಣಿನ ಜೊತೆಗೇ ಕಳುಹಿಸಬೇಕು. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೊಡಬಹುದು; ರಾಣೇಬೆನ್ನೂರಿನ ಕಡೆಗೆ ಹೋಗುವವರಿದ್ದರೆ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿಯೂ ವಿಚಾರಿಸಬಹುದು. ಬಾಡಿದ ಗಿಡವನ್ನು ತೋರಿಸುವವರು ತುದಿಯ ಎಲೆಗಳನ್ನು ಕಿತ್ತು ಒಯ್ಯದೆ, ಬೇರು ಮಣ್ಣುಗಳ ಸಮೇತ ಇಡೀ ಗಿಡವನ್ನು ಒದ್ದೆಯ ಗೋಣಿಯಲ್ಲಿ ಸುತ್ತಿ ಒಯ್ಯತಕ್ಕದ್ದು.